ಉಪ್ಪುಗಾಳಿಯಲ್ಲಿ ಸಮತೋಲ: ಕಾರವಾರ–ಅಂಕೋಲಾ ಕರಾವಳಿಯ ವೇಬ್ರಿಜ್‌ಗಳಲ್ಲಿ ಕಾಮನ್-ಮೋಡ್ ವೋಲ್ಟೇಜ್ ಮತ್ತು ಅಸಮತೆ

ತಕ್ಕಡಿಯ ಮೇಲೆ ಅನುಮಾನ ಬಂದ ಗಿರಾಕಿ ಮೊದಲು ಮಾಡುವ ಕೆಲಸ ತಟ್ಟೆಗಳನ್ನು ಅದಲುಬದಲು ಮಾಡಿಸುವುದು. ಎಡಗಡೆಯ ಮೀನು ಬಲಕ್ಕೆ ಹೋಗಬೇಕು, ಬಲಗಡೆಯ ತೂಕದ ಕಲ್ಲು ಎಡಕ್ಕೆ ಬರಬೇಕು. ಮುಳ್ಳು ಆಗಲೂ ನೆಟ್ಟಗೆ ನಿಂತರೆ ದಂಡಿಗೆಯ ಎರಡು ತೋಳು ಸಮವಾಗಿವೆ. ವಾಲಿದರೆ ಒಂದು ತೋಳು ಉದ್ದವಿದೆ. ತಕ್ಕಡಿಯನ್ನು ಹಿಡಿದ ಕೈ ಮೇಲೆ ಹೋಗಲಿ, ಕೆಳಗೆ ಬರಲಿ, ತೂಕ ಬದಲಾಗುವುದಿಲ್ಲ, ಏಕೆಂದರೆ ಆ ಚಲನೆ ಎರಡೂ ತಟ್ಟೆಗೆ ಒಂದೇ. ತೋಳುಗಳು ಅಸಮವಾಗಿದ್ದಾಗ ಮಾತ್ರ ಎರಡಕ್ಕೂ ಸಮವಾಗಿ ಬಿದ್ದ ಭಾರ ವ್ಯತ್ಯಾಸದ ವೇಷ ತೊಟ್ಟು ಮುಳ್ಳನ್ನು ವಾಲಿಸುತ್ತದೆ.

ಡಿಫರೆನ್ಷಿಯಲ್ ಆಂಪ್ಲಿಫೈಯರ್ ಎಂಬ ಸರ್ಕ್ಯೂಟಿನ ಗುಣವೂ ದೋಷವೂ ಈ ತಕ್ಕಡಿಯದೇ. ಅದಕ್ಕೆ ಎರಡು ಇನ್‌ಪುಟ್. ಎರಡರ ನಡುವಿನ ವ್ಯತ್ಯಾಸವನ್ನು ಅದು ಹಿಗ್ಗಿಸಬೇಕು. ಎರಡಕ್ಕೂ ಸಮಾನವಾಗಿರುವ ವೋಲ್ಟೇಜನ್ನು, ಅಂದರೆ ಕಾಮನ್-ಮೋಡ್ ವೋಲ್ಟೇಜನ್ನು, ತಳ್ಳಿಹಾಕಬೇಕು. ಎಷ್ಟು ಚೆನ್ನಾಗಿ ತಳ್ಳಿಹಾಕುತ್ತದೆ ಎಂಬುದರ ಅಳತೆಗೆ ಸಿಎಂಆರ್‌ಆರ್ ಎಂದು ಹೆಸರು. ತಯಾರಕರ ಮಾಹಿತಿಪತ್ರ ಈ ಅಂಕಿಯನ್ನು ಡೆಸಿಬೆಲ್‌ಗಳಲ್ಲಿ ಕೊಡುತ್ತದೆ, ವಿನ್ಯಾಸಕಾರರು ಅದನ್ನು ನೋಡಿ ಚಿಪ್ ಆರಿಸುತ್ತಾರೆ. ಈ ಲೇಖನದ ವಾದ ಇಷ್ಟು: ಕಾರವಾರ, ಅಂಕೋಲೆಯಂಥ ಸಮುದ್ರದಂಚಿನ ಊರುಗಳಲ್ಲಿ ಆ ಅಂಕಿ ಹೆಚ್ಚಿನ ಪಾಲು ನಿರುಪಯೋಗಿ. ಇಲ್ಲಿ ಸಮತೋಲ ಕೆಡುವುದು ಚಿಪ್ಪಿನ ಒಳಗಲ್ಲ, ಚಿಪ್ಪಿಗೆ ಬರುವ ತಂತಿಗಳಲ್ಲಿ, ಜಂಕ್ಷನ್ ಬಾಕ್ಸಿನಲ್ಲಿ, ಉಪ್ಪು ಕೂತ ಟರ್ಮಿನಲ್‌ಗಳ ನಡುವೆ. ಆದ್ದರಿಂದ ನಿರ್ವಹಣೆಯ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು.

ಉದಾಹರಣೆಯಾಗಿ ವೇಬ್ರಿಜನ್ನು, ಅಂದರೆ ತುಂಬಿದ ಲಾರಿಯನ್ನೇ ತೂಗುವ ಕಟ್ಟೆಯನ್ನು, ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬಳ್ಳಾರಿ–ಹೊಸಪೇಟೆ ಕಡೆಯ ಕಬ್ಬಿಣದ ಅದಿರು ಘಟ್ಟ ಇಳಿದು ಲಾರಿಗಳಲ್ಲಿ ಬರುತ್ತಿದ್ದದ್ದು ಕಾರವಾರ ಬಂದರಿಗೆ ಮತ್ತು ಅಂಕೋಲಾ ತಾಲೂಕಿನ ಬೇಲೆಕೇರಿಗೆ. 2010ರಲ್ಲಿ ಬೇಲೆಕೇರಿಯಲ್ಲಿ ಮುಟ್ಟುಗೋಲು ಹಾಕಿಕೊಂಡಿದ್ದ ಅದಿರು ಕಾಣೆಯಾದ ಪ್ರಕರಣವೂ 2011ರ ಲೋಕಾಯುಕ್ತ ವರದಿಯೂ ನಾಡಿಗೆಲ್ಲ ಗೊತ್ತು. ಅಲ್ಲಿನ ಪ್ರಶ್ನೆ ಸರ್ಕ್ಯೂಟಿನದಲ್ಲ. ಆದರೆ ಲಾರಿಯ ತೂಕದ ಚೀಟಿ ಎಷ್ಟು ದೊಡ್ಡ ಸಾರ್ವಜನಿಕ ದಾಖಲೆ ಎಂಬುದನ್ನು ಈ ಜಿಲ್ಲೆಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಚೀಟಿಯ ಮೇಲಿನ ಅಂಕಿ ಹುಟ್ಟುವುದು ಮೈಕ್ರೊವೋಲ್ಟಿನಷ್ಟು ಸಣ್ಣ ಒಂದು ವ್ಯತ್ಯಾಸದಿಂದ.

ಸಮಾನವಾದದ್ದನ್ನು ಕಳೆಯುವ ಉಪಾಯ

ಕೇಂಬ್ರಿಜ್‌ನ ಶರೀರಶಾಸ್ತ್ರಜ್ಞ ಬ್ರಯನ್ ಮ್ಯಾಥ್ಯೂಸ್ 1934ರಲ್ಲಿ ನರಗಳ ಮತ್ತು ಮೆದುಳಿನ ಸೂಕ್ಷ್ಮ ವಿದ್ಯುತ್ತನ್ನು ಅಳೆಯಲು ಎರಡು ಇನ್‌ಪುಟ್‌ಗಳ ವಿಶೇಷ ಆಂಪ್ಲಿಫೈಯರ್ ಒಂದನ್ನು ವಿವರಿಸಿದರು. ಎರಡು ವರ್ಷದ ನಂತರ, 1936ರಲ್ಲಿ, ಇಂಗ್ಲೆಂಡಿನ ಅಲನ್ ಬ್ಲುಮ್ಲೈನ್ ದೂರದರ್ಶನದ ಕೇಬಲ್‌ಗಳಿಗಾಗಿ 'ಉದ್ದಬಾಲದ ಜೋಡಿ' ಎಂದು ಮುಂದೆ ಹೆಸರಾದ ಸರ್ಕ್ಯೂಟಿಗೆ ಪೇಟೆಂಟ್ ಕೇಳಿದರು. ಎರಡು ವಾಲ್ವ್‌ಗಳು, ಎರಡರ ಕ್ಯಾಥೋಡ್‌ಗಳೂ ಸೇರಿ ಇಳಿಯುವ ಒಂದೇ ದೊಡ್ಡ ರೋಧ. ಎರಡೂ ಇನ್‌ಪುಟ್ ಒಟ್ಟಿಗೆ ಏರಿದರೆ ಎರಡರ ಹೆಚ್ಚುವರಿ ಕರೆಂಟೂ ಆ ಒಂದೇ ಬಾಲದಲ್ಲಿ ಇಳಿಯಬೇಕು. ಬಾಲ ಇಕ್ಕಟ್ಟಾದ್ದರಿಂದ ಏರಿಕೆ ಅಲ್ಲೇ ಅಡಗುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ಒಂದರ ಕರೆಂಟು ಇನ್ನೊಂದಕ್ಕೆ ಹೊರಳುತ್ತದೆ, ಬಾಲಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಇಂದಿನ ಆಪರೇಷನಲ್ ಆಂಪ್ಲಿಫೈಯರ್, ಅಂದರೆ ಆಪ್-ಆಂಪ್‌ಗಳ ಮೊದಲ ಹಂತದಲ್ಲೂ ಇದೇ ಜೋಡಿ ಇದೆ; ರೋಧದ ಜಾಗದಲ್ಲಿ ಸ್ಥಿರ ಕರೆಂಟಿನ ಆಕರ ಬಂದಿದೆ, ಅಷ್ಟೇ.

ಆದರೆ ಬಾಲ ಎಷ್ಟು ಉದ್ದವಿದ್ದರೂ ಜೋಡಿಯ ಎರಡು ಬದಿ ಒಂದೇ ಥರ ಇಲ್ಲದಿದ್ದರೆ, ಉಳಿದ ಚೂರು ಏರಿಕೆ ಎರಡು ಬದಿಯಲ್ಲಿ ಬೇರೆ ಬೇರೆಯಾಗಿ ಹರಿದು ವ್ಯತ್ಯಾಸವಾಗುತ್ತದೆ. ಒಂದೇ ಸಿಲಿಕಾನ್ ತುಣುಕಿನ ಮೇಲೆ ಅಕ್ಕಪಕ್ಕದಲ್ಲಿ ಮಾಡಿದ ಟ್ರಾನ್ಸಿಸ್ಟರ್‌ಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ, ಒಂದೇ ತಾಪದಲ್ಲಿರುತ್ತವೆ ಎಂಬ ಸಂಗತಿಯನ್ನು ಬಾಬ್ ವಿಡ್ಲರ್ 1960ರ ದಶಕದಲ್ಲಿ ತಮ್ಮ ವಿನ್ಯಾಸಗಳ ಅಡಿಪಾಯ ಮಾಡಿಕೊಂಡರು. 1965ರ 709 ಆಪ್-ಆಂಪ್ ಆ ದಾರಿಯದು. ಆ ಹೊಂದಾಣಿಕೆಗೂ ಮಿತಿ ಇದೆ. 1989ರಲ್ಲಿ ಮಾರ್ಸೆಲ್ ಪೆಲ್‌ಗ್ರೊಮ್ ಮತ್ತು ಸಂಗಡಿಗರು ತೋರಿಸಿದಂತೆ, ಜೋಡಿ ಟ್ರಾನ್ಸಿಸ್ಟರ್‌ಗಳ ಅಸಮತೆ ಅವುಗಳ ವಿಸ್ತೀರ್ಣದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ: ಅಸಮತೆ ಅರ್ಧ ಆಗಬೇಕಾದರೆ ಜಾಗ ನಾಲ್ಕರಷ್ಟು ಬೇಕು.

ಚಿಪ್ಪಿನ ಹೊರಗೆ ಬಂದ ಕೂಡಲೆ ಹೊಂದಾಣಿಕೆ ದುಬಾರಿ. ಒಂದು ಆಪ್-ಆಂಪ್, ನಾಲ್ಕು ರೋಧಕಗಳ ಸರಳ ವ್ಯವಕಲನ ಸರ್ಕ್ಯೂಟನ್ನೇ ನೋಡಿ. ವರ್ಧನೆ ಒಂದು, ಪ್ರತಿ ರೋಧಕದ ತಾಳಿಕೆ ಶೇ. 1 ಎಂದಿಟ್ಟುಕೊಂಡರೆ, ನಾಲ್ಕೂ ಕೆಟ್ಟ ದಿಕ್ಕಿಗೆ ವಾಲಿದ ಪಕ್ಷದಲ್ಲಿ ಸಿಎಂಆರ್‌ಆರ್ 50ಕ್ಕೆ, ಅಂದರೆ 34 ಡೆಸಿಬೆಲ್‌ಗೆ ಇಳಿಯುತ್ತದೆ. ಶೇ. 0.1ರ ರೋಧಕ ಹಾಕಿದರೆ 54, ಶೇ. 0.01ರದು ಹಾಕಿದರೆ 74. ಆಪ್-ಆಂಪ್ ಎಷ್ಟೇ ಒಳ್ಳೆಯದಾಗಿರಲಿ, ಈ ಲೆಕ್ಕದಲ್ಲಿ ಅದರ ಮಾತು ನಡೆಯುವುದಿಲ್ಲ. ಮೂರು ಆಪ್-ಆಂಪ್‌ಗಳ ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್ ಈ ಕಟ್ಟನ್ನು ಜಾಣತನದಿಂದ ಬಿಡಿಸುತ್ತದೆ: ಮೊದಲ ಹಂತ ವ್ಯತ್ಯಾಸವನ್ನು ಮಾತ್ರ ಹಿಗ್ಗಿಸಿ ಕಾಮನ್-ಮೋಡನ್ನು ಇದ್ದ ಹಾಗೆಯೇ ದಾಟಿಸುತ್ತದೆ, ಹಾಗಾಗಿ ವರ್ಧನೆ 500 ಇದ್ದರೆ ಕಳೆಯುವ ಹಂತದ ಅಸಮತೆಯ ಪ್ರಭಾವ 500ರಷ್ಟು ಕುಗ್ಗುತ್ತದೆ.

ಇಲ್ಲಿ ಒಂದು ಎಚ್ಚರ. ಕಾಮನ್-ಮೋಡನ್ನು ತಳ್ಳಿಹಾಕುವ ಶಕ್ತಿ ಬೇರೆ, ತಾಳಿಕೊಳ್ಳುವ ವ್ಯಾಪ್ತಿ ಬೇರೆ. ಪಾಠ ಹೇಳುವಾಗ ಈ ಎರಡನ್ನೂ ಬೆರೆಸಿಬಿಡುವುದನ್ನು ನೋಡಿದ್ದೇನೆ. 5 ವೋಲ್ಟ್ ಪೂರೈಕೆಯ ಆಂಪ್ಲಿಫೈಯರಿಗೆ 120 ಡೆಸಿಬೆಲ್ ಸಿಎಂಆರ್‌ಆರ್ ಇರಬಹುದು. ಆದರೆ ಲಾರಿ ನಿಲ್ಲುವ ಕಟ್ಟೆಯ ಭೂಮಿಗೂ ಯಂತ್ರವಿರುವ ಕೋಣೆಯ ಭೂಮಿಗೂ 2 ವೋಲ್ಟ್ ವ್ಯತ್ಯಾಸ ಬಂದರೆ 2.5ರಲ್ಲಿ ಇರಬೇಕಾದ ಇನ್‌ಪುಟ್ 4.5ಕ್ಕೆ ಏರುತ್ತದೆ. ಅದರ ಮೇಲೆ ಒಳಗಿನ ಹಂತದ ಅರ್ಧ ಸಂಕೇತ ಸೇರಿದಾಗ ಒಂದು ಆಪ್-ಆಂಪ್ ಚಾವಣಿಗೆ ತಲೆ ತಾಗಿಸಿ ನಿಲ್ಲುತ್ತದೆ. ಕೊನೆಯ ಔಟ್‌ಪುಟ್ ಮಾತ್ರ ನಂಬುವಂಥ ಅಂಕಿಯನ್ನೇ ತೋರಿಸುತ್ತಿರುತ್ತದೆ. ಒಳಗೆ ಮುರಿದು ಹೊರಗೆ ನೆಟ್ಟಗೆ ಕಾಣುವ ಈ ದೋಷ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು. ಕರಾವಳಿಯ ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತಿಗೆ ಹೆಚ್ಚು ತಡೆ ಒಡ್ಡುತ್ತದೆ. ಎರಡು ಕಡೆ ಬೇರೆ ಬೇರೆ ಅರ್ಥಿಂಗ್ ಹೂತಿದ್ದರೆ, ಸಿಡಿಲಿನ ಹೊತ್ತಿನಲ್ಲಂತೂ ಖಂಡಿತ, ಅವುಗಳ ನಡುವೆ ವೋಲ್ಟೇಜ್ ಏಳುತ್ತದೆ. ಕೇಬಲ್ಲಿನ ಶೀಲ್ಡನ್ನು ಒಂದೇ ತುದಿಯಲ್ಲಿ ಭೂಮಿಗೆ ಕೊಟ್ಟು, ಕಟ್ಟೆಯನ್ನೂ ಕೋಣೆಯನ್ನೂ ದಪ್ಪ ತಾಮ್ರದ ಪಟ್ಟಿಯಿಂದ ಜೋಡಿಸುವುದು ಯಾವ ಚಿಪ್ಪಿಗಿಂತಲೂ ಮೊದಲು ಆಗಬೇಕಾದ ಕೆಲಸ.

60 ಟನ್ನಿನ ಕಟ್ಟೆ, ಅರ್ಧ ಮೈಕ್ರೊವೋಲ್ಟ್

ಈಗ ಲೆಕ್ಕ. 60 ಟನ್ ಸಾಮರ್ಥ್ಯದ, 10 ಕಿಲೋ ಅಂತರದ ವೇಬ್ರಿಜ್ ಒಂದನ್ನು ಮಾದರಿಯಾಗಿ ತೆಗೆದುಕೊಳ್ಳೋಣ. ಅಂದರೆ 6000 ಮನೆಗಳ ಮಾಪನ. ಕೆಳಗೆ ಭಾರವನ್ನು ವೋಲ್ಟೇಜಾಗಿ ಬದಲಿಸುವ, 30 ಟನ್ನಿನ ಆರು ಲೋಡ್ ಸೆಲ್‌ಗಳು, ಪ್ರತಿಯೊಂದೂ 350 ಓಮ್‌ನ ನಾಲ್ಕು ಬಾಹುಗಳ ವೀಟ್‌ಸ್ಟನ್ ಸೇತುವೆ, ಪೂರ್ಣ ಭಾರಕ್ಕೆ ಪ್ರತಿ ವೋಲ್ಟಿಗೆ 2 ಮಿಲಿವೋಲ್ಟ್ ಸಂಕೇತ. ಆರನ್ನೂ ಜಂಕ್ಷನ್ ಬಾಕ್ಸಿನಲ್ಲಿ ಸಮಾಂತರವಾಗಿ ಜೋಡಿಸಿ 5 ವೋಲ್ಟ್ ಕೊಟ್ಟರೆ, ಕಟ್ಟೆಯ ಮೇಲೆ 60 ಟನ್ ಬಂದಾಗ ಒಟ್ಟು ಸಂಕೇತ 3.33 ಮಿಲಿವೋಲ್ಟ್. ಒಂದು ಮನೆಗೆ, ಅಂದರೆ 10 ಕಿಲೋಗೆ, 0.56 ಮೈಕ್ರೊವೋಲ್ಟ್. ಆ ಸಂಕೇತ ಕೂತಿರುವುದು 2.5 ವೋಲ್ಟ್ ಎತ್ತರದ ಕಾಮನ್-ಮೋಡ್ ಮೇಲೆ: ತನಗಿಂತ ಸುಮಾರು 45 ಲಕ್ಷ ಪಟ್ಟು ದೊಡ್ಡದರ ಹೆಗಲೇರಿ.

80 ಡೆಸಿಬೆಲ್ ಸಿಎಂಆರ್‌ಆರ್ ಇದ್ದರೆ ಈ 2.5 ವೋಲ್ಟ್ 250 ಮೈಕ್ರೊವೋಲ್ಟಿನ ಸುಳ್ಳು ಸಂಕೇತವಾಗುತ್ತದೆ, ತೂಕದಲ್ಲಿ ನಾಲ್ಕೂವರೆ ಟನ್. ಓದಿದವರು ಬೆಚ್ಚುವ ಅಂಕಿ. ಆದರೂ ಅಂಥ ಯಂತ್ರ ಕೆಲಸ ಮಾಡೀತು, ಏಕೆಂದರೆ ಕದಲದೆ ನಿಂತ ದೋಷವನ್ನು ಮಾಪನಾಂಕನದ ಹೊತ್ತಿನಲ್ಲಿ ಕಳೆದುಬಿಡಬಹುದು. ನಮಗೆ ತೊಂದರೆ ಕೊಡುವುದು ನಡೆಯುವ ದೋಷ. ಆ ಸಮತೋಲ ಬೆಳಗಿನಿಂದ ಸಂಜೆಗೆ ಶೇ. 1ರಷ್ಟು ಸರಿದರೂ 45 ಕಿಲೋ ಹೋಯಿತು. ವೇಬ್ರಿಜ್‌ಗಳು ಸೇರುವ ನಿಖರತೆಯ ಮೂರನೇ ವರ್ಗದಲ್ಲಿ, ಮುದ್ರೆ ಹಾಕುವ ಪರಿಶೀಲನೆಯ ಸಮಯಕ್ಕೆ 2000 ಮನೆಗಿಂತ ಮೇಲಿನ ಭಾರಕ್ಕೆ ಒಪ್ಪುವ ತಪ್ಪು ಒಂದೂವರೆ ಮನೆ, ಇಲ್ಲಿ 15 ಕಿಲೋ. ಹಾಗಾಗಿ ಸಿಎಂಆರ್‌ಆರ್ ಎಷ್ಟು ದೊಡ್ಡದು ಎಂದು ಕೇಳುವುದಕ್ಕಿಂತ ಅದು ಎಷ್ಟು ಸ್ಥಿರ ಎಂದು ಕೇಳುವುದೇ ಸರಿಯಾದ ಪ್ರಶ್ನೆ.

ಕರಾವಳಿಯಲ್ಲಿ ಆ ಸಮತೋಲವನ್ನು ಕದಲಿಸುವುದು ಉಪ್ಪು. ಶುದ್ಧ ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ. 75 ದಾಟಿದ ಕೂಡಲೆ ನೀರು ಹೀರಿ ತಾನೇ ದ್ರವವಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇದೆ, ಅದಕ್ಕೆ ಶೇ. 33 ಸಾಕು. ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಅಂಕೋಲೆಯ ಮನೆಗಳಲ್ಲಿ ಮಳೆಗಾಲದ ಉಪ್ಪಿನ ಭರಣಿ ಒಸರುವುದು ಇದಕ್ಕೇ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಈ ತೀರದಲ್ಲಿ, ಜಂಕ್ಷನ್ ಬಾಕ್ಸಿನ ಮುಚ್ಚಳದ ರಬ್ಬರ್ ಒಮ್ಮೆ ಸೆಡೆತು ಬಿರುಕು ಬಿಟ್ಟರೆ ಒಳಗಿನ ಟರ್ಮಿನಲ್‌ಗಳ ನಡುವೆ ಕೂರುವ ತೆಳು ಪದರ ಬರಿಯ ಕೊಳೆಯಲ್ಲ, ಕಣ್ಣಿಗೆ ಕಾಣದ ಉಪ್ಪುನೀರಿನ ತಂತಿ.

ಅದರ ಬೆಲೆ ಎಷ್ಟು? ಆರು ಸೆಲ್‌ಗಳು ಸಮಾಂತರವಾಗಿರುವಾಗ ಒಂದೊಂದು ಸಂಕೇತ ತಂತಿಯ ಆಕರ ರೋಧ 175ನ್ನು 6ರಿಂದ ಭಾಗಿಸಿದಷ್ಟು, ಸುಮಾರು 29 ಓಮ್. ಒಂದು ಸಂಕೇತ ತಂತಿಯಿಂದ ಭೂಮಿಗೆ 10 ಮೆಗಾಓಮ್‌ನ ಸೋರಿಕೆ ಹುಟ್ಟಿದರೆ 2.5 ವೋಲ್ಟಿನ ಒತ್ತಡಕ್ಕೆ 0.25 ಮೈಕ್ರೊ ಆಂಪಿಯರ್ ಹರಿದು, ಆ 29 ಓಮ್‌ನಲ್ಲಿ 7.3 ಮೈಕ್ರೊವೋಲ್ಟ್ ಕುಸಿತ ಉಂಟುಮಾಡುತ್ತದೆ. ತೂಕದಲ್ಲಿ 131 ಕಿಲೋ. ಬೇರೆ ಮಾತಲ್ಲಿ, ಚಿಪ್ಪಿನ ಸಿಎಂಆರ್‌ಆರ್ 120 ಡೆಸಿಬೆಲ್ ಇದ್ದರೂ ಇಡೀ ವ್ಯವಸ್ಥೆಯದು 110ರ ಆಸುಪಾಸಿಗೆ ಬಿತ್ತು. ಅದೂ ಬಿಸಿಲಿಗೊಂದು, ಮಳೆಗೊಂದು. ಎರಡೂ ಸಂಕೇತ ತಂತಿಗಳಿಂದ ಸಮವಾಗಿ ಸೋರಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಉಪ್ಪು ಅಳತೆ ಮಾಡಿ ಕೂರುವುದಿಲ್ಲ.

ಇದು ಸೊನ್ನೆಯ ದೋಷವೇ ಹೊರತು ಭಾರದೊಂದಿಗೆ ಬೆಳೆಯುವ ದೋಷವಲ್ಲ, ಆದ್ದರಿಂದ ಕಟ್ಟೆ ಖಾಲಿಯಿದ್ದಾಗ ಸೊನ್ನೆ ಒತ್ತಿದರೆ ಮುಗಿಯಿತಲ್ಲ ಎಂಬ ಆಕ್ಷೇಪ ಬರಬಹುದು. ನ್ಯಾಯವಾದ ಆಕ್ಷೇಪ. ಲಾರಿ ಬೆಳಿಗ್ಗೆ ಖಾಲಿ ತೂಗಿ ಸಂಜೆ ತುಂಬಿ ಬಂದು, ಎರಡೂ ಸಲ ಮೊದಲು ಸೊನ್ನೆ ಸರಿ ಮಾಡಿದ್ದರೆ ತಪ್ಪು ಉಳಿಯುವುದಿಲ್ಲ. ಆದರೆ ಒಂದರ ಬಾಲಕ್ಕೆ ಇನ್ನೊಂದು ಲಾರಿ ಹತ್ತುವ ದಿನ ಕಟ್ಟೆ ಖಾಲಿ ಸಿಗುವುದು ಅಪರೂಪ. ಆರಿದ್ರಾ ಮಳೆಯ ಎರಡು ಸುರಿತದ ನಡುವೆ ಹತ್ತು ನಿಮಿಷ ಬಿಸಿಲು ಬಿದ್ದರೂ ಸಾಕು, ಬಾಕ್ಸ್ ಕಾದು ಆ ಉಪ್ಪುನೀರಿನ ಪದರ ಒಣಗತೊಡಗುತ್ತದೆ. ದೋಷ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ.

ಟರ್ಮಿನಲ್‌ಗಳ ಸಾಲು

ಜಂಕ್ಷನ್ ಬಾಕ್ಸಿನಲ್ಲಿ ತಂತಿಗಳನ್ನು ಯಾವ ಕ್ರಮದಲ್ಲಿ ಕೂರಿಸಬೇಕೆಂಬುದನ್ನು ಮಾಮೂಲಿ ವಿಷಯವೆಂದು ಬಿಡುತ್ತೇವೆ. ಹಾಗೆ ಬಿಡಬಾರದು. ಪೂರೈಕೆಯ ಧನ, ಪೂರೈಕೆಯ ಋಣ, ಸಂಕೇತದ ಧನ, ಸಂಕೇತದ ಋಣ ಎಂಬ ರೂಢಿಯ ಸಾಲಿನಲ್ಲಿ ಪೂರೈಕೆಯ ಋಣ ಮತ್ತು ಸಂಕೇತದ ಧನ ನೆರೆಹೊರೆ. ಅವೆರಡರ ನಡುವೆ 2.5 ವೋಲ್ಟ್ ಇದೆ. ಅಲ್ಲಿ ಹುಟ್ಟುವ ಸೋರಿಕೆ ಒಂದೇ ಸಂಕೇತ ತಂತಿಯನ್ನು ಕೆಳಗೆಳೆಯುತ್ತದೆ, ಯಂತ್ರ ಕಡಿಮೆ ತೂಕ ತೋರಿಸುತ್ತದೆ. 131 ಮೆಗಾಓಮ್‌ನ ಸೋರಿಕೆಗೆ ಸರಿಯಾಗಿ ಒಂದು ಮನೆ. ಎರಡು ಪೂರೈಕೆ ತಂತಿಗಳ ನಡುವೆ ಸೋರಿದರೆ ತೂಕಕ್ಕೆ ಏನೂ ಆಗುವುದಿಲ್ಲ. ಎರಡು ಸಂಕೇತ ತಂತಿಗಳ ನಡುವೆ ಸೋರಿದರೂ ಅಷ್ಟೇ, ಅವುಗಳ ನಡುವೆ ಇರುವುದೇ ಮೂರು ಮಿಲಿವೋಲ್ಟ್.

ಈ ಮಾತಿನಿಂದಲೇ ಉತ್ತರ ಹೊರಡುತ್ತದೆ. ಎರಡು ಸಂಕೇತ ಟರ್ಮಿನಲ್‌ಗಳನ್ನು ನಡುವೆ ಅಕ್ಕಪಕ್ಕ ಕೂರಿಸಿ, ಅವುಗಳ ಎರಡೂ ಕಡೆ ಒಂದೊಂದು ಕಾವಲು ಟರ್ಮಿನಲ್ ಇಟ್ಟು, ಪೂರೈಕೆಯ ಎರಡನ್ನು ತೀರ ಹೊರಗೆ ಕಳಿಸಬೇಕು. ಕಾವಲಿಗೆ ಎರಡು ಸಮಾನ ರೋಧಕಗಳಿಂದ ಒಡೆದ 2.5 ವೋಲ್ಟನ್ನು ಕೊಡಬೇಕು. ಆಗ ಪೂರೈಕೆಯಿಂದ ಹೊರಟ ಸೋರಿಕೆ ಕಾವಲಿಗೆ ಬಂದು ಅಲ್ಲೇ ಇಂಗುತ್ತದೆ. ಕಾವಲಿಗೂ ಸಂಕೇತಕ್ಕೂ ವೋಲ್ಟೇಜ್ ಒಂದೇ ಆದ್ದರಿಂದ ಅಲ್ಲಿಂದ ಮುಂದೆ ಹರಿಯಲು ಕಾರಣವೇ ಇಲ್ಲ. ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್‌ಗಳಲ್ಲಿ ಇನ್‌ಪುಟ್ ಸುತ್ತ ತಾಮ್ರದ ಉಂಗುರ ಎಳೆಯುವುದು ಹಳೆಯ ಪದ್ಧತಿ. ಅದನ್ನು ಬೋರ್ಡಿನಿಂದ ಹೊರಗೆ, ಟರ್ಮಿನಲ್ ಪಟ್ಟಿಗೆ ತರಬೇಕೆಂಬುದು ನನ್ನ ಒತ್ತಾಯ. ಎರಡು ಹೆಚ್ಚುವರಿ ಟರ್ಮಿನಲ್, ಎರಡು ರೋಧಕ. ಖರ್ಚೆಂದು ಹೇಳುವಂಥದ್ದೇನೂ ಇಲ್ಲ.

ತಟ್ಟೆ ಬದಲಿಸುವುದು

ಇನ್ನು ಗಿರಾಕಿಯ ಉಪಾಯ. ಸೇತುವೆಗೆ ಕೊಡುವ ಪೂರೈಕೆಯ ಧನ–ಋಣಗಳನ್ನು ಕ್ಷಣಕ್ಷಣಕ್ಕೆ ಅದಲುಬದಲು ಮಾಡಿ, ಎರಡು ಸಲದ ಅಳತೆಗಳನ್ನು ಒಂದರಿಂದ ಒಂದು ಕಳೆಯುವ ವಿಧಾನಕ್ಕೆ ಎಸಿ ಪ್ರಚೋದನೆ ಎಂದು ಹೆಸರು. ತೂಕದ ಯಂತ್ರಗಳಿಗಾಗಿಯೇ ಬಂದ ಎಡಿ7730ರಂಥ ಚಿಪ್‌ಗಳಲ್ಲಿ ಇದಕ್ಕೆ ಏರ್ಪಾಡು ಇದೆ; ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಎಲ್ಲೆಲ್ಲೂ ಕಾಣುವ ಅಗ್ಗದ ಎಚ್‌ಎಕ್ಸ್711ರಲ್ಲಿ ಇಲ್ಲ. ಬದಲಿಸಿದಾಗ ಭಾರದ ನಿಜವಾದ ಸಂಕೇತ ತಿರುಗುತ್ತದೆ, ಕಳೆದಾಗ ಇಮ್ಮಡಿಸುತ್ತದೆ. ತಿರುಗದೆ ಉಳಿದದ್ದೆಲ್ಲ ಅಳಿಸಿಹೋಗುತ್ತದೆ. ಆಂಪ್ಲಿಫೈಯರಿನ ಆಫ್‌ಸೆಟ್ ತಿರುಗುವುದಿಲ್ಲ. ಬಾಕ್ಸಿನ ಒಂದು ಬದಿಗೆ ಮಾತ್ರ ಬಿಸಿಲು ತಾಗಿ ಬೆಸುಗೆಯ ಸಂದುಗಳಲ್ಲಿ ಹುಟ್ಟುವ ಕೆಲವು ಮೈಕ್ರೊವೋಲ್ಟಿನ ಉಷ್ಣ ವಿದ್ಯುತ್ತೂ ತಿರುಗುವುದಿಲ್ಲ.

ಅಷ್ಟನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಬಹುದು. ಪೂರೈಕೆ 0ದಿಂದ 5 ವೋಲ್ಟಿನ ನಡುವೆಯೇ ತಿರುಗಿದಾಗ ಸಂಕೇತ ತಂತಿಗಳ ಕಾಮನ್-ಮೋಡ್ ಎರಡು ಸಲವೂ 2.5ರಲ್ಲೇ ಇರುತ್ತದೆ. ಆದ್ದರಿಂದ ಸಿಎಂಆರ್‌ಆರ್ ಕೊರತೆಯಿಂದ ಬಂದ ತಪ್ಪೂ ತಿರುಗದ ಗುಂಪಿಗೆ ಸೇರಿ ಅಳಿಯುತ್ತದೆ. ಸಂಕೇತ ತಂತಿಯಿಂದ ಭೂಮಿಗೆ ಸೋರುವ ಕರೆಂಟೂ ಎರಡು ಸಲ ಒಂದೇ, ಅದೂ ಅಳಿಯುತ್ತದೆ. ಅಂದರೆ ಹಿಂದೆ ಲೆಕ್ಕ ಹಾಕಿದ 131 ಕಿಲೋ, ಸೋರಿಕೆ ಭೂಮಿಗಾಗಿದ್ದರೆ, ತಟ್ಟೆ ಬದಲಿಸಿದ್ದರಿಂದಲೇ ಮಾಯ. ಉಳಿಯುವ ಶತ್ರು ಒಂದೇ: ಪೂರೈಕೆ ತಂತಿಗೂ ಸಂಕೇತ ತಂತಿಗೂ ನಡುವಿನ ಸೋರಿಕೆ. ಪೂರೈಕೆ ತಿರುಗಿದಾಗ ಅದೂ ಜೊತೆಗೇ ತಿರುಗಿ ಭಾರದ ಸಂಕೇತದ ಹಾಗೆಯೇ ನಡೆದುಕೊಳ್ಳುತ್ತದೆ, ಯಾವ ಚಿಪ್ಪೂ ಅದನ್ನು ಬೇರ್ಪಡಿಸಲಾರದು. ಅದಕ್ಕೆ ಮದ್ದು ಕಾವಲು ಟರ್ಮಿನಲ್ ಮಾತ್ರ. ಹೀಗೆ ಈ ಎರಡು ಉಪಾಯಗಳು ಒಂದು ಮುಟ್ಟದ ಜಾಗವನ್ನು ಇನ್ನೊಂದು ಮುಟ್ಟುತ್ತವೆ. ಎಸಿ ಪ್ರಚೋದನೆಗೆ ಇನ್ನೂ ಒಂದು ಲಾಭವಿದೆ: ನೇರ ವಿದ್ಯುತ್ತು ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಎಳೆದಾಗ ಒದ್ದೆ ಟರ್ಮಿನಲ್‌ಗಳ ನಡುವೆ ಬೆಳೆಯುವ ಹಸಿರು ಕಿಲುಬು, ದಿಕ್ಕು ತಿರುಗುತ್ತಿದ್ದರೆ ನಿಧಾನವಾಗುತ್ತದೆ.

ವೇಗದ ಸಂಕೇತಗಳಿಗೆ ಬೇರೆ ಕಥೆ. ಬಂದರಿನ ವಿಎಚ್‌ಎಫ್ ರೇಡಿಯೊ, ಪಕ್ಕದ ಮೊಬೈಲ್ ಗೋಪುರ ಇವುಗಳ ತರಂಗ ಉದ್ದ ಕೇಬಲ್ಲಿಗೆ ಕಾಮನ್-ಮೋಡ್ ಆಗಿ ಹತ್ತುತ್ತದೆ. ಅದನ್ನು ಭೂಮಿಗಿಳಿಸಲು ಎರಡು ತಂತಿಗೂ ಒಂದೊಂದು ಕೆಪಾಸಿಟರ್ ಹಾಕುತ್ತೇವೆ, ಆ ಎರಡರ ಬೆಲೆ ಶೇ. 5 ಹೆಚ್ಚುಕಮ್ಮಿಯಾದರೆ ಮದ್ದೇ ರೋಗವಾಗಿ ಕಾಮನ್-ಮೋಡನ್ನು ವ್ಯತ್ಯಾಸಕ್ಕೆ ತಿರುಗಿಸುತ್ತದೆ. ಎರಡು ತಂತಿಗಳ ನಡುವೆ ಕನಿಷ್ಠ ಹತ್ತರಷ್ಟು ದೊಡ್ಡ ಮೂರನೇ ಕೆಪಾಸಿಟರ್ ಇಟ್ಟರೆ ಆ ಅಸಮತೆ ಮುಳುಗುತ್ತದೆ.

ಇದೇ ತೀರದ ಇನ್ನೆರಡು ಜಾಗ

ಆಸ್ಪತ್ರೆಯ ಇಸಿಜಿಯಲ್ಲಿ ಆಕರವೇ ಅಸಮ. ಕಟ್ಟಡದ ವಯರಿಂಗಿನಿಂದ ರೋಗಿಯ ಮೈಗೆ 2 ಪಿಕೊಫ್ಯಾರಡ್‌ನಷ್ಟು ಕೆಪಾಸಿಟೆನ್ಸ್ ಇದ್ದರೆ 230 ವೋಲ್ಟ್, 50 ಹರ್ಟ್ಸ್ ಪೂರೈಕೆಯಿಂದ 0.145 ಮೈಕ್ರೊ ಆಂಪಿಯರ್ ಮೈಗೆ ಇಳಿಯುತ್ತದೆ. ಬಲಗಾಲಿನ ಎಲೆಕ್ಟ್ರೋಡ್ 50 ಕಿಲೋಓಮ್ ಇದ್ದರೆ ಮೈಯ ಕಾಮನ್-ಮೋಡ್ 7 ಮಿಲಿವೋಲ್ಟ್. ಎರಡು ಕೈಗಳ ಎಲೆಕ್ಟ್ರೋಡ್‌ಗಳ ನಡುವೆ 20 ಕಿಲೋಓಮ್ ವ್ಯತ್ಯಾಸ, ಆಂಪ್ಲಿಫೈಯರಿನ ಇನ್‌ಪುಟ್ ತಡೆ 10 ಮೆಗಾಓಮ್ ಎಂದರೆ 14 ಮೈಕ್ರೊವೋಲ್ಟ್ ಗುಂಯ್‌ಗುಡುವಿಕೆ ಉಳಿಯುತ್ತದೆ. ಇಲ್ಲಿ ಬ್ರೂಸ್ ವಿಂಟರ್ ಮತ್ತು ಜಾನ್ ವೆಬ್‌ಸ್ಟರ್ 1983ರಲ್ಲಿ ವಿಶ್ಲೇಷಿಸಿದ ಬಲಗಾಲು ಚಾಲನೆಯ ಸರ್ಕ್ಯೂಟ್ ನೆರವಾಗುತ್ತದೆ: ಮೈಯ ಕಾಮನ್-ಮೋಡನ್ನು ಅಳೆದು, ತಿರುಗಿಸಿ, ಹಿಗ್ಗಿಸಿ ಕಾಲಿನ ಮೂಲಕ ಮೈಗೇ ಮರಳಿಸಿ ಅದನ್ನು ಮೂಲದಲ್ಲೇ ತಗ್ಗಿಸುತ್ತದೆ. ಅಸಮತೆಯನ್ನು ತಿದ್ದಲಾಗದಲ್ಲಿ ಕಾಮನ್-ಮೋಡನ್ನೇ ಇಳಿಸುವ ಈ ನೀತಿ ವೇಬ್ರಿಜಿಗಿಂತ ಭಿನ್ನ, ತತ್ತ್ವ ಅದೇ.

ಇನ್ನೊಂದು ರೈಲುಹಾದಿಯ ಬದಿ. ಕಾರವಾರ, ಹಾರವಾಡ, ಅಂಕೋಲಾ ನಿಲ್ದಾಣಗಳನ್ನು ಪೋಣಿಸಿದ ಕೊಂಕಣ ರೈಲುಮಾರ್ಗ 2022ರಲ್ಲಿ ಪೂರ್ತಿ ವಿದ್ಯುದೀಕರಣಗೊಂಡಿತು. 25 ಸಾವಿರ ವೋಲ್ಟಿನ ತಂತಿಯ ಕರೆಂಟು ಅದಕ್ಕೆ ಸಮಾಂತರವಾಗಿ ಸಾಗುವ ಯಾವ ಉದ್ದ ಕೇಬಲ್ಲಿನಲ್ಲೂ 50 ಹರ್ಟ್ಸ್‌ನ ಕಾಮನ್-ಮೋಡ್ ಪ್ರೇರಿಸುತ್ತದೆ. ಡಿಜಿಟಲ್ ಪರಿವರ್ತಕದ 50 ಹರ್ಟ್ಸ್ ಸೋಸುವಿಕೆಯನ್ನು ನೆಚ್ಚಿಕೊಂಡು ಇದನ್ನು ಕಡೆಗಣಿಸುವಂತಿಲ್ಲ: ಇನ್‌ಪುಟ್ ತನ್ನ ವ್ಯಾಪ್ತಿ ದಾಟಿ ಕತ್ತರಿಸಿಹೋದ ಮೇಲೆ ಸೋಸುವುದಕ್ಕೆ ಸರಿಯಾದ ಸಂಕೇತವೇ ಉಳಿದಿರುವುದಿಲ್ಲ. ಹಳಿಗೆ ಹತ್ತಿರವಿರುವ ಕಟ್ಟೆಗಳಿಗೆ ಹೆಣೆದ ಜೋಡಿತಂತಿಯ ಕೇಬಲ್ ಹಾಕಬೇಕು, ಕೇಬಲ್ ಆದಷ್ಟು ಚಿಕ್ಕದಾಗಿರಬೇಕು. ಸಾಧ್ಯವಾದರೆ ಪರಿವರ್ತಕವನ್ನು ಜಂಕ್ಷನ್ ಬಾಕ್ಸಿನ ಬಳಿಯೇ ಇಟ್ಟು, ಭೂಮಿಯಿಂದ ಬೇರ್ಪಟ್ಟ ಡಿಜಿಟಲ್ ಸಂಪರ್ಕದಲ್ಲಿ ಅಂಕಿಗಳನ್ನು ಕಳಿಸುವುದು ಲೇಸು.

ಅಳೆಯಬೇಕಾದದ್ದು

ಹೊಸ ಲೋಡ್ ಸೆಲ್ಲಿನ ನಿರೋಧನ ಸಾಮಾನ್ಯವಾಗಿ 5000 ಮೆಗಾಓಮ್‌ಗೂ ಮೇಲಿರುತ್ತದೆ. ಕೇಬಲ್, ಬಾಕ್ಸ್ ಸೇರಿದ ಮೇಲೆ ಎಷ್ಟಕ್ಕೆ ಇಳಿಯಬಹುದು ಎಂಬುದಕ್ಕೆ ಮೇಲಿನ ಲೆಕ್ಕದಿಂದಲೇ ಮಿತಿ ಸಿಗುತ್ತದೆ: 131 ಮೆಗಾಓಮ್‌ಗೆ ಒಂದು ಮನೆ ಎಂದರೆ 1000 ಮೆಗಾಓಮ್‌ಗೆ 1.3 ಕಿಲೋ. ಕರಾವಳಿಯ ಯಂತ್ರಕ್ಕೆ ಈ 1000ವನ್ನು ಕೆಳಗಿನ ಗೆರೆಯಾಗಿ ಇಟ್ಟುಕೊಳ್ಳಬಹುದು. ಅಳೆಯುವಾಗ ತೂಕ ತೋರಿಸುವ ಇಂಡಿಕೇಟರಿನ ಕನೆಕ್ಟರ್ ಬಿಚ್ಚಿ, ಕಾವಲಿಗೆ ವೋಲ್ಟ್ ಒಡೆದುಕೊಡುವ ರೋಧಕಗಳನ್ನೂ ಬೇರ್ಪಡಿಸಿ, ಸಂಕೇತ ತಂತಿಗಳನ್ನು ಒಟ್ಟು ಸೇರಿಸಿ, ಕಾವಲು ಟರ್ಮಿನಲ್‌ಗೂ ಶೀಲ್ಡಿಗೂ ಬೇರೆ ಬೇರೆಯಾಗಿ ನೋಡಬೇಕು. ಸೇತುವೆಯೊಳಗೆ ಪೂರೈಕೆ ಮತ್ತು ಸಂಕೇತ ಜೋಡಿಕೊಂಡೇ ಇರುವುದರಿಂದ ಅವೆರಡರ ನಡುವಿನ ಸೋರಿಕೆಯನ್ನು ಸೆಲ್‌ಗಳ ತಂತಿ ಕಳಚದೆ ನೇರವಾಗಿ ಅಳೆಯಲಾಗದು. ಪೂರೈಕೆಯಿಂದ ಕಾವಲಿಗೆ ಎಷ್ಟು ಸೋರುತ್ತಿದೆ ಎಂಬುದು ಅದರ ಒಳ್ಳೆಯ ಸೂಚಕ. ಪರೀಕ್ಷೆಗೆ 50 ವೋಲ್ಟಿನ ಮೆಗ್ಗರ್, ಅಂದರೆ ನಿರೋಧನ ಮಾಪಕ, ಸಾಕು, ಮನೆ ವಯರಿಂಗಿಗೆ ಬಳಸುವ 500 ವೋಲ್ಟಿನದನ್ನು ಲೋಡ್ ಸೆಲ್ಲಿಗೆ ಹಿಡಿಯಕೂಡದು. ಒಮ್ಮೆ ಮೇ ಕೊನೆಯಲ್ಲಿ ಒಣ ದಿನ ಅಳೆದು ಬರೆದಿಡಬೇಕು, ಇನ್ನೊಮ್ಮೆ ಜುಲೈಯಲ್ಲಿ, ಮಳೆ ಹಿಡಿದು ಮೂರು ದಿನವಾದ ಮೇಲೆ, ಬಾಕ್ಸಿನ ಮುಚ್ಚಳ ತೆಗೆಯುವ ಮೊದಲೇ.